ಹಳೆಯ ಜಾವಾಕ್ಕೆ ಹೊಸ ಬಣ್ಣ: ಸ್ಪ್ರೇ ಗನ್ ಹಿಡಿಯುವ ಮುನ್ನ ಮಾಡಬೇಕಾದ ಕೆಲಸ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳು ಕರ್ನಾಟಕದ ಎಷ್ಟೋ ಮನೆಗಳ ಹಿತ್ತಿಲಲ್ಲಿ, ಕೊಟ್ಟಿಗೆಯಲ್ಲಿ ಇಂದಿಗೂ ನಿಂತಿವೆ. ಅವುಗಳನ್ನು ಮತ್ತೆ ರಸ್ತೆಗಿಳಿಸಲು ಹೊರಟಿರುವ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಬಣ್ಣದ ಕೆಲಸಕ್ಕೆ ಸಂಬಂಧಿಸಿದವನ್ನು ಈ ಸಲ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ತಂದೆಯವರು 1969ರಲ್ಲಿ ಕೊಂಡ ಜಾವಾ ಬೈಕನ್ನು ಪೂರ್ತಿ ಬಿಚ್ಚಿದ್ದೇನೆ. ಮಡ್‌ಗಾರ್ಡ್, ಟೂಲ್ ಬಾಕ್ಸ್, ಚಾಸಿ ಎಲ್ಲಕ್ಕೂ ತುಕ್ಕು ಹಿಡಿದಿದೆ. ಎಲ್ಲವನ್ನೂ ಸ್ಯಾಂಡ್ ಬ್ಲಾಸ್ಟಿಂಗ್‌ಗೆ (ಗಾಳಿಯ ಒತ್ತಡದಿಂದ ಮರಳು ಹೊಡೆದು ತುಕ್ಕು, ಬಣ್ಣ ತೆಗೆಯುವುದಕ್ಕೆ) ಕೊಟ್ಟುಬಿಡಿ ಎಂದು ಪೇಂಟರ್ ಹೇಳುತ್ತಿದ್ದಾರೆ. ಕೊಡಬಹುದೆ?
– ತೀರ್ಥಹಳ್ಳಿಯ ಓದುಗರು

ಉತ್ತರ: ಚಾಸಿಯನ್ನು ಕೊಡಬಹುದು, ತಗಡಿನ ಭಾಗಗಳನ್ನು ಕೊಡದಿರುವುದೇ ಲೇಸು. ಆದರೆ ಯಾವುದನ್ನೇ ಕೊಡುವ ಮೊದಲು ಬೈಕಿನ ಮೈಮೇಲೆ ಇನ್ನೂ ಉಳಿದಿರುವ ಕಾರ್ಖಾನೆಯ ಬಣ್ಣವನ್ನು ಸಾವಧಾನವಾಗಿ ನೋಡಿಕೊಳ್ಳಿ, ಏಕೆಂದರೆ ಒಮ್ಮೆ ಕೆರೆದು ತೆಗೆದ ಮೇಲೆ ಆ ಸಾಕ್ಷ್ಯ ಮತ್ತೆ ಸಿಗುವುದಿಲ್ಲ. ಬಿಸಿಲು ಬಿದ್ದ ಕಡೆಗಳಲ್ಲಿ ಮರೂನ್ ಬಣ್ಣ ಮಾಸಿ ತಿಳಿಯಾಗಿರುತ್ತದೆ. ಅದನ್ನೇ ಮೂಲ ಬಣ್ಣವೆಂದು ಭಾವಿಸಿ ಹೊಸದನ್ನು ಬೆರೆಸಿದರೆ ಬೈಕಿನ ರೂಪವೇ ಬದಲಾಗುತ್ತದೆ. ಟ್ಯಾಂಕಿನ ಮಂಡಿ ರಬ್ಬರಿನ ಅಡಿಯಲ್ಲಿ, ಟೂಲ್ ಬಾಕ್ಸಿನ ಒಳಮೈಯಲ್ಲಿ, ಹೆಡ್‌ಲೈಟ್ ಬಟ್ಟಲಿನ ಒಳಗೆ, ಸೀಟಿನ ಕೆಳಗೆ ಹುಡುಕಿದರೆ ಬೆಳಕು ಕಾಣದ ಬಣ್ಣ ಅಂಗೈ ಅಗಲದಷ್ಟಾದರೂ ಸಿಕ್ಕೇ ಸಿಗುತ್ತದೆ. ಅದನ್ನು ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮೆತ್ತನೆಯ ಬಟ್ಟೆಯಿಂದ ತಿಕ್ಕಿ, ಆ ಭಾಗವನ್ನೇ ಬಣ್ಣದಂಗಡಿಗೆ ಒಯ್ದು ಹೊಂದಿಸಿಕೊಳ್ಳಿ. ಮೊಬೈಲಿನಲ್ಲಿ ತೆಗೆದ ಚಿತ್ರ ತೋರಿಸಿ ಬಣ್ಣ ಹೊಂದಿಸುವುದು ಆಗದ ಕೆಲಸ. ಬಂಗಾರದ ಗೆರೆಗಳಿದ್ದರೆ ಅವುಗಳ ಅಗಲವೆಷ್ಟು, ಅಂಚಿನಿಂದ ಎಷ್ಟು ದೂರದಲ್ಲಿವೆ, ತಿರುವಿನಲ್ಲಿ ಹೇಗೆ ಬಾಗುತ್ತವೆ ಎಂಬುದನ್ನು ಬಟರ್ ಪೇಪರ್ ಇಟ್ಟು ಪೆನ್ಸಿಲ್ಲಿನಿಂದ ತಿದ್ದಿ ತೆಗೆದಿಟ್ಟುಕೊಳ್ಳಿ. ಯಾವುದಾದರೂ ಭಾಗದ ಬಣ್ಣ ಮಾಸಿದ್ದರೂ ಗಟ್ಟಿಯಾಗಿಯೇ ಇದ್ದರೆ, ಅದನ್ನು ತೊಳೆದು ಪಾಲಿಶ್ ಮಾಡಿ ಹಾಗೆಯೇ ಬಿಡುವುದು ನನ್ನ ಮಟ್ಟಿಗೆ ಅತ್ಯುತ್ತಮ ಮಾರ್ಗ. ಅಷ್ಟು ವರ್ಷ ಬಾಳಿದ ಬಣ್ಣವನ್ನು ಯಾವ ಪೇಂಟರೂ ಮರಳಿ ತರಲಾರರು.

ಬ್ಲಾಸ್ಟಿಂಗ್‌ನಲ್ಲಿ ಮರಳಿನ ಕಣಗಳು ಲೋಹದ ಮೇಲ್ಮೈಯನ್ನು ಲಕ್ಷಾಂತರ ಸಣ್ಣ ಸುತ್ತಿಗೆ ಏಟುಗಳಂತೆ ಬಡಿಯುತ್ತವೆ. ದಪ್ಪನೆಯ ಚಾಸಿ, ಸ್ಟ್ಯಾಂಡ್, ಸ್ವಿಂಗ್ ಆರ್ಮ್ ಇದನ್ನು ತಾಳಿಕೊಳ್ಳುತ್ತವೆ. ಮಡ್‌ಗಾರ್ಡಿನ ತೆಳು ತಗಡಿಗೆ ಅದೇ ಏಟು ಬಿದ್ದಾಗ ಏಟು ಬಿದ್ದ ಮುಖ ಹಿಗ್ಗಿ ತಗಡು ಉಬ್ಬುತ್ತದೆ, ಹಾಗೆ ಉಬ್ಬಿದ್ದನ್ನು ಒಳ್ಳೆಯ ಟಿಂಕರಿಂಗ್ ಕೆಲಸಗಾರರೂ ಪೂರ್ತಿ ಸರಿಪಡಿಸಲಾರರು. ಗೇಟು, ಗ್ರಿಲ್ಲುಗಳಿಗೆ ಒರಟು ಮರಳು ಹೊಡೆಯುವ ಕಡೆಗಂತೂ ತಗಡನ್ನು ಕೊಡಲೇಬೇಡಿ. ಚಕ್ರದ ಅಲ್ಯೂಮಿನಿಯಂ ಹಬ್ಬುಗಳಿಗೆ ಗಾಜಿನ ಸಣ್ಣ ಮಣಿಗಳನ್ನು ಕಡಿಮೆ ಒತ್ತಡದಲ್ಲಿ ಹೊಡೆಸಬಹುದು. ಪಾಲಿಶ್ ಮಾಡಿದ ಎಂಜಿನ್ ಕವರುಗಳಿಗೆ ಅದೂ ಬೇಡ.

ತಗಡಿನ ಮೇಲಿನ ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ ಎತ್ತಿ, ತುಕ್ಕನ್ನು ಕಾಕಂಬಿಯಲ್ಲಿ ತೆಗೆಯುವುದು ನಿಧಾನವಾದರೂ ನಂಬಬಹುದಾದ ವಿಧಾನ. ದನಗಳ ಮೇವಿಗೆ ಬೆರೆಸುವ ಕಾಕಂಬಿಯನ್ನು ಒಂದಕ್ಕೆ ಒಂಬತ್ತು ಪಾಲು ನೀರಿನಲ್ಲಿ ಕದಡಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಭಾಗವನ್ನು ಪೂರ್ತಿ ಮುಳುಗಿಸಿಡಬೇಕು. ಒಂದು ವಾರದಿಂದ ಮೂರು ವಾರದೊಳಗೆ ತುಕ್ಕು ಬಿಟ್ಟು, ಬೂದುಬಣ್ಣದ ಕಬ್ಬಿಣ ಹೊರಬರುತ್ತದೆ. ಒಳ್ಳೆಯ ಕಬ್ಬಿಣವನ್ನು ಅದು ಹೆಚ್ಚೇನೂ ತಿನ್ನುವುದಿಲ್ಲ. ಆದರೆ ಅಲ್ಯೂಮಿನಿಯಂ ಮತ್ತು ಸತುವಿನ ಎರಕದ ಭಾಗಗಳನ್ನು ಅದರಲ್ಲಿ ಹಾಕಬಾರದು. ವಾಸನೆ ತೀವ್ರವಾಗಿರುವುದರಿಂದ ಡ್ರಮ್ಮನ್ನು ಮನೆಯಿಂದ ದೂರ ಇಡಿ. ಬೇಗ ಆಗಬೇಕೆಂದರೆ ವಾಷಿಂಗ್ ಸೋಡದ ನೀರಿನಲ್ಲಿ ಬ್ಯಾಟರಿ ಚಾರ್ಜರಿನ ಮೈನಸ್ ತುದಿಗೆ ಭಾಗವನ್ನೂ ಪ್ಲಸ್ ತುದಿಗೆ ಹಳೆಯ ಕಬ್ಬಿಣದ ತುಂಡನ್ನೂ ಕಟ್ಟಿ ತುಕ್ಕು ಬಿಡಿಸಬಹುದು. ಪ್ಲಸ್ ತುದಿಗೆ ಸ್ಟೇನ್‌ಲೆಸ್ ಸ್ಟೀಲನ್ನು ಮಾತ್ರ ಎಂದಿಗೂ ಕಟ್ಟಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಈ ಕ್ರಮದಲ್ಲಿ ಜಲಜನಕ ಹೊರಬರುವುದರಿಂದ ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರವಿದ್ದು ಮಾಡಬೇಕು.

ಕಕ್ಕಸು ತೊಳೆಯುವ ಆ್ಯಸಿಡ್ಡಿನಲ್ಲಿ ಅದ್ದಿ ತೆಗೆಯುವ ಅಭ್ಯಾಸ ಕೆಲವರಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ. ಮಡಿಸಿದ ಅಂಚುಗಳ ಒಳಗೆ ಸೇರಿದ ಆ್ಯಸಿಡ್ ಹೊಸ ಬಣ್ಣದ ಅಡಿಯಿಂದಲೇ ಕೆಲಸ ಶುರುಮಾಡುತ್ತದೆ, ಅದರ ಆವಿ ಷೆಡ್ಡಿನಲ್ಲಿರುವ ಬೇರೆ ಕಬ್ಬಿಣಕ್ಕೂ ತುಕ್ಕು ಹಿಡಿಸುತ್ತದೆ. ಇದಕ್ಕಿಂತ ಅಪಾಯದ ಸಂಗತಿಯೆಂದರೆ, ಸ್ಪ್ರಿಂಗ್ ಮತ್ತು ಹದ ಕೊಟ್ಟ ಬೋಲ್ಟುಗಳ ಲೋಹದೊಳಕ್ಕೆ ಆ್ಯಸಿಡ್ಡಿನಿಂದ ಜಲಜನಕ ಸೇರಿ ಅವು ಪೆಡಸಾಗುತ್ತವೆ. ಕಣ್ಣಿಗೆ ಹೊಸದಾಗಿ ಕಾಣುವ ಬೋಲ್ಟು ಭಾರ ಬಿದ್ದಾಗ ಸೂಚನೆಯಿಲ್ಲದೆ ತುಂಡಾಗಬಹುದು.

ಚಾಸಿಯನ್ನು ಬ್ಲಾಸ್ಟಿಂಗ್‌ಗೆ ಕೊಡುವಾಗ ಬೇರಿಂಗ್ ಕೂರುವ ಜಾಗ, ಬೋಲ್ಟು ಕೂರುವ ತಿರುಪುಗಳು (ಥ್ರೆಡ್), ಮುಖ್ಯವಾಗಿ ಚಾಸಿ ಸಂಖ್ಯೆ ಕೊರೆದಿರುವ ಜಾಗವನ್ನು ದಪ್ಪ ಟೇಪಿನಿಂದ ಮುಚ್ಚಿ ಕೊಡಿ. ಸಂಖ್ಯೆ ಅಳಿಸಿದರೆ ಅಥವಾ ಪುಟ್ಟಿಯಡಿ ಹೂತುಹೋದರೆ ಆರ್‌ಟಿಒ ಕಚೇರಿಯಲ್ಲಿ ಉತ್ತರ ಹೇಳಬೇಕಾದವರು ನೀವೇ. ಬ್ಲಾಸ್ಟಿಂಗ್ ಆದ ದಿನವೇ, ಬರಿಗೈಯಲ್ಲಿ ಮುಟ್ಟದೆ, ಪ್ರೈಮರ್ ಬೀಳಬೇಕು. ಮಲೆನಾಡಿನ ಗಾಳಿಯಲ್ಲಿ ಬೆತ್ತಲೆ ಕಬ್ಬಿಣ ಒಂದು ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಯೆಜ್ಡಿ ರೋಡ್‌ಕಿಂಗ್‌ನ ಮಡ್‌ಗಾರ್ಡುಗಳಿಗೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟ್ ಹೊಡೆಸಿದೆ. ಹೊಡೆದ ಕೂಡಲೇ ಬಿಳಿ ಮಬ್ಬು ಕಾಣಿಸಿತು. ಪಾಲಿಶ್ ಮಾಡಿ ಕೊಟ್ಟರು. ಕೆಲವು ತಿಂಗಳಲ್ಲೇ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದಿವೆ. ಪ್ರೈಮರ್ ಹಾಕಿದ್ದೇವೆ ಎಂದು ಪೇಂಟರ್ ಹೇಳುತ್ತಾರೆ. ತಪ್ಪು ಎಲ್ಲಾಗಿದೆ?
– ಉಡುಪಿಯ ಓದುಗರು

ಉತ್ತರ: ಇವು ಎರಡು ಬೇರೆ ದೋಷಗಳು. ಎನ್‌ಸಿ ಥಿನ್ನರ್ ಬಹಳ ಬೇಗ ಆರುತ್ತದೆ. ಆರುವಾಗ ತಗಡಿನ ಮೈ ತಣ್ಣಗಾಗಿ, ಗಾಳಿಯ ತೇವ ಹಸಿ ಬಣ್ಣದ ಮೇಲೆ ಕೂರುತ್ತದೆ. ಆ ತೇವವೇ ಬಿಳಿ ಮಬ್ಬು. ಒಣ ಹವೆಯಿರುವ ದಿನ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ತೆಳುವಾಗಿ ಹಾಯಿಸಿದರೆ ಅನೇಕ ವೇಳೆ ಅದು ಹೋಗುತ್ತದೆ. ಗಾಳಿಯ ತೇವಾಂಶ ಶೇಕಡ 85 ದಾಟಿದ ದಿನ ಬಣ್ಣ ಹೊಡೆಯದಿರುವುದೇ ಸರಿ. ಕರಾವಳಿಯ ಆಷಾಢ, ಶ್ರಾವಣಗಳಲ್ಲಿ ಇದರರ್ಥ ಬಹುಪಾಲು ದಿನಗಳನ್ನು ಬಿಡಬೇಕು ಎಂದೇ. ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗಿನ ಹತ್ತರ ನಂತರದ ಹೊತ್ತು ನಿಮ್ಮ ಊರಿಗೆ ತಕ್ಕದ್ದು.

ಗುಳ್ಳೆಗಳ ಮೂಲ ಇನ್ನೂ ಕೆಳಗಿದೆ. ಒಂದು ಗುಳ್ಳೆಯನ್ನು ಬ್ಲೇಡಿನ ತುದಿಯಿಂದ ಬಿಡಿಸಿ ನೋಡಿ. ಒಳಗೆ ಕಂದು ಪುಡಿ ಕಂಡರೆ ಗುಳಿಗಳಲ್ಲಿ ತುಕ್ಕು ಉಳಿದಿತ್ತೆಂದು ಅರ್ಥ. ಒಳಗಿನ ಲೋಹ ಹೊಳೆಯುತ್ತಿದ್ದು ತೇವ ಮಾತ್ರ ಇದ್ದರೆ ಅಲ್ಲಿ ಉಪ್ಪು ಸೇರಿದೆ. ಯಾವ ಬಣ್ಣದ ಪದರವೂ ನೀರಿನ ಆವಿಯನ್ನು ಪೂರ್ತಿ ತಡೆಯುವುದಿಲ್ಲ, ಪದರದ ಅಡಿಯಲ್ಲಿ ಉಪ್ಪಿನ ಕಣವಿದ್ದರೆ ಅದು ಆ ತೇವವನ್ನು ಎಳೆದುಕೊಂಡು ಉಬ್ಬುತ್ತದೆ. ಉಪ್ಪು ಬರುವ ದಾರಿಗಳು ಹಲವು: ಬೆವರುಗೈ, ಕಡಲ ಗಾಳಿ, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್) ಹೊಡೆಯುವಾಗ ಬಳಸಿದ ಬೋರ್‌ವೆಲ್ಲಿನ ಗಡಸು ನೀರು. ಪಾಲಿಯೆಸ್ಟರ್ ಪುಟ್ಟಿಯಂತೂ ನೀರು ಕುಡಿಯುವ ವಸ್ತು. ಅದನ್ನು ನೀರು ಹಾಕಿ ಉಜ್ಜಿ, ಸಂಜೆಯೇ ಮೇಲೆ ಪ್ರೈಮರ್ ಹೊಡೆದರೆ ಕುಡಿದ ನೀರೆಲ್ಲ ಒಳಗೇ ಉಳಿಯುತ್ತದೆ. ಪುಟ್ಟಿಯನ್ನು ಒಣದಾಗಿಯೇ ಉಜ್ಜಬೇಕು.

ಪೇಂಟರ್ ಹಾಕಿದ್ದೇನೆಂದ ಪ್ರೈಮರ್ ಬಹುಶಃ ಎನ್‌ಸಿ ಸರ್ಫೇಸರ್ ಅಥವಾ ರೆಡ್ ಆಕ್ಸೈಡ್ ಇರಬಹುದು. ಸರ್ಫೇಸರ್ ಇರುವುದು ಗೀರು ಮುಚ್ಚಿ ಮೈ ಸಮಮಾಡಲು. ತೇವವನ್ನು ಅದು ತಡೆಯದು. ಮತ್ತೆ ಮಾಡಿಸುವಾಗ ಬೆತ್ತಲೆ ತಗಡಿನ ಮೇಲೆ ನೇರವಾಗಿ, ಎರಡು ಡಬ್ಬಿಗಳಲ್ಲಿ ಬರುವ, ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ಹಾಕಲು ಹೇಳಿ. ಅದಕ್ಕೆ ಮೊದಲು ವ್ಯಾಕ್ಸ್ ರಿಮೂವರ್ ಅದ್ದಿದ ಒಂದು ಬಟ್ಟೆಯಿಂದ ಒರೆಸಿ, ಅದು ಆರುವ ಮುನ್ನವೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿಕೊಳ್ಳಬೇಕು. ಒಂದೇ ಬಟ್ಟೆಯಾದರೆ ಜಿಡ್ಡು ಜಾಗ ಬದಲಿಸುತ್ತದೆ, ಹೋಗುವುದಿಲ್ಲ. ಈ ಒರೆಸುವ ಕೆಲಸ ಸ್ಯಾಂಡ್ ಪೇಪರ್ ಮುಟ್ಟಿಸುವ ಮೊದಲೂ ಒಮ್ಮೆ ಆಗಿರಬೇಕು, ಇಲ್ಲದಿದ್ದರೆ ಹಳೆಯ ಪಾಲಿಶಿನ ಸಿಲಿಕೋನ್ ಗೀರುಗಳೊಳಗೆ ಸೇರಿ ಮುಂದೆ ಬಣ್ಣದಲ್ಲಿ ಕುಳಿಗಳಾಗಿ ಕಾಣುತ್ತದೆ. ತಗಡನ್ನು 120ರ ಸ್ಯಾಂಡ್ ಪೇಪರಿನಿಂದ ಉಜ್ಜಿ ಎಪಾಕ್ಸಿ ಹಾಕಿ, ತಗ್ಗುಗಳಿಗೆ ಅದರ ಮೇಲೆಯೇ ಪುಟ್ಟಿ ಹಚ್ಚಿ. ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಬೇಕಾದಲ್ಲಿ ಪುಟ್ಟಿಯ ಬದಲು ತಗಡನ್ನೇ ತಟ್ಟಿ ಸರಿಮಾಡಿಸಬೇಕು.

ಇದಾದ ಮೇಲಿನ ಸರ್ಫೇಸರ್ ಹಂತದಲ್ಲಿ ಒಂದು ಸಣ್ಣ ಕೆಲಸ ಬಹಳ ಉಪಯೋಗಕ್ಕೆ ಬರುತ್ತದೆ. ಬೂದು ಸರ್ಫೇಸರ್ ಒಣಗಿದ ಮೇಲೆ ಅದರ ಮೇಲೆ ಕಪ್ಪು ಬಣ್ಣವನ್ನು ದೂರದಿಂದ ಧೂಳಿನಂತೆ ಉದುರಿಸಿ, ಮರದ ತುಂಡಿಗೆ ಸುತ್ತಿದ, ಇನ್ನೂ ನುಣುಪಾದ 400ರ ಸ್ಯಾಂಡ್ ಪೇಪರಿನಿಂದ ಉಜ್ಜಿ. ಉಬ್ಬಿದ ಕಡೆ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಚುಕ್ಕೆಯಾಗಿ ಉಳಿಯುತ್ತದೆ. ಕೈಗೆ ಸಿಗದ ತಗ್ಗು ಈಗ ಕಣ್ಣಿಗೆ ಸಿಗುತ್ತದೆ. ಕಪ್ಪೆಲ್ಲ ಸಮನಾಗಿ ಹೋಗುವವರೆಗೆ ಮೇಲಿನ ಬಣ್ಣಕ್ಕೆ ಅವಸರಪಡಬಾರದು. ಕಂಪ್ರೆಸರಿನ ತಳದ ನೀರನ್ನು ಪ್ರತಿದಿನ ಬಿಡುತ್ತಾರೆಯೇ, ಗಾಳಿಯ ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಪ್ರಶ್ನೆ: ಚಾಸಿ ಮತ್ತು ಟ್ಯಾಂಕ್ ಎರಡಕ್ಕೂ ಪೌಡರ್ ಕೋಟಿಂಗ್ ಮಾಡಿಸಿದರೆ ಹೆಚ್ಚು ಬಾಳಿಕೆ ಬರುತ್ತದೆಯೆ?
– ಬೆಂಗಳೂರಿನ ಓದುಗರು

ಉತ್ತರ: ಚಾಸಿಗೆ ಮಾಡಿಸಬಹುದು, ಟ್ಯಾಂಕಿಗೆ ಬೇಡ. ಬಣ್ಣದ ಪುಡಿಯನ್ನು ಕರಗಿಸಿ ಅಂಟಿಸುವ ಪೌಡರ್ ಕೋಟಿಂಗ್‌ನ ಒಲೆಯಲ್ಲಿ ಭಾಗವನ್ನು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡ್ಡುತ್ತಾರೆ. ಹಳೆಯ ಟ್ಯಾಂಕುಗಳಿಗೆ ಎಂದೋ ಹಾಕಿದ ಸೀಸದ ಬೆಸುಗೆ ಆ ಶಾಖದಲ್ಲಿ ಕರಗಬಹುದು, ಪಾಲಿಯೆಸ್ಟರ್ ಪುಟ್ಟಿಯೂ ತಾಳುವುದಿಲ್ಲ. ಚಾಸಿಗೆ ಮಾಡಿಸುವಾಗ ರಬ್ಬರ್ ಬುಷ್‌ಗಳನ್ನು ತೆಗೆಸಿ. ಎಂಜಿನ್ ಕೂರುವ ಕಿವಿಗಳು, ಬೇರಿಂಗ್ ಜಾಗ, ಅರ್ತಿಂಗ್ ತಂತಿ ಕೂರುವ ಸ್ಥಳ ಇವುಗಳನ್ನು ಮುಚ್ಚಿಸಿ, ಏಕೆಂದರೆ ಈ ಪದರ ಮಾಮೂಲಿ ಬಣ್ಣಕ್ಕಿಂತ ದಪ್ಪವಾಗಿದ್ದು ಅಳತೆಯನ್ನೇ ಬದಲಿಸುತ್ತದೆ. ಬಿಸಿಲಿಗೆ ಬಾಳುವ ಪಾಲಿಯೆಸ್ಟರ್ ಪೌಡರನ್ನೇ ಕೇಳಿ. ಕಲ್ಲು ಸಿಡಿದು ಎಲ್ಲಾದರೂ ಚಕ್ಕೆ ಎದ್ದರೆ ಆ ಜಾಗವನ್ನು ಕೂಡಲೇ ಮುಚ್ಚಬೇಕು, ಇಲ್ಲವಾದರೆ ತುಕ್ಕು ಪದರದ ಅಡಿಯಲ್ಲೇ ಹರಡಿ ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಪ್ರಶ್ನೆ: ಜಾವಾ ಟ್ಯಾಂಕಿನ ಮುಚ್ಚಳದ ಸುತ್ತ ಪೆಟ್ರೋಲ್ ಚೆಲ್ಲಿ ಬಣ್ಣ ಏಳುತ್ತಿದೆ. ಒಳಗೂ ತುಕ್ಕಿದೆ, ಪಕ್ಕದ ಕ್ರೋಮ್ ಕೂಡ ಹೋಗಿದೆ. ಯಾವುದನ್ನು ಮೊದಲು ಮಾಡಿಸಬೇಕು?
– ದಾವಣಗೆರೆಯ ಓದುಗರು

ಉತ್ತರ: ಈ ಕೆಲಸದಲ್ಲಿ ಅನುಕ್ರಮವೇ ಮುಖ್ಯ. ಮೊದಲು ರಂಧ್ರ, ತಗ್ಗುಗಳ ರಿಪೇರಿ, ನಂತರ ಕ್ರೋಮ್, ಆಮೇಲೆ ಟ್ಯಾಂಕಿನ ಒಳಗಿನ ತುಕ್ಕು, ಕೊನೆಗೆ ಹೊರಗಿನ ಬಣ್ಣ. ಬೆಸುಗೆ ಹಾಕಿಸುವ ಮುನ್ನ ಟ್ಯಾಂಕನ್ನು ಸೋಪಿನ ಬಿಸಿನೀರಿನಿಂದ ಹಲವು ಬಾರಿ ತೊಳೆದು, ಟ್ಯಾಂಕ್ ಕೆಲಸದಲ್ಲಿ ಪಳಗಿದವರಿಗೇ ಕೊಡಿ. ವರ್ಷಗಟ್ಟಲೆ ಖಾಲಿಯಿದ್ದ ಟ್ಯಾಂಕಿನಲ್ಲೂ ಸಿಡಿಯುವಷ್ಟು ಪೆಟ್ರೋಲ್ ಆವಿ ಉಳಿದಿರುತ್ತದೆ.

ಕ್ರೋಮ್ ಹಾಕುವವರಲ್ಲಿ ನಿಕಲ್ ಪದರವನ್ನು ದಪ್ಪವಾಗಿ ಹಾಕಲು ಒತ್ತಾಯಿಸಿ. ಹೊಳಪು ಕ್ರೋಮಿನ ಪದರ ಒಂದು ಮೈಕ್ರಾನಿಗೂ ಕಡಿಮೆ ಇರುತ್ತದೆ, ತುಕ್ಕನ್ನು ತಡೆಯುವುದು ಅದರ ಅಡಿಯ ನಿಕಲ್. ಕ್ರೋಮಿನ ನುಣುಪು ಮೈಗೆ ಬಣ್ಣ ಅಂಟುವುದಿಲ್ಲವಾದ್ದರಿಂದ ಬಣ್ಣ ಮತ್ತು ಕ್ರೋಮ್ ಸೇರುವ ಗಡಿಯಲ್ಲಿ ಬಣ್ಣದ ಕಡೆಯ ಭಾಗವನ್ನಷ್ಟೇ ಹೊಳಪು ಹೋಗುವಂತೆ ಉಜ್ಜಿ ಎಪಾಕ್ಸಿ ಹಾಕಬೇಕು.

ಒಳಗಿನ ತುಕ್ಕನ್ನು ಸಿಟ್ರಿಕ್ ಆಮ್ಲದ ದ್ರಾವಣದಿಂದ ತೆಗೆದು, ಅಡುಗೆ ಸೋಡದ ನೀರಿನಿಂದ ತೊಳೆದು, ತಡಮಾಡದೆ ಬಿಸಿಗಾಳಿಯಿಂದ ಒಣಗಿಸಿ. ಈಗ ಬಂಕುಗಳಲ್ಲಿ ಸಿಗುವುದು ಶೇಕಡ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಅದು ತೇವವನ್ನು ಎಳೆದುಕೊಳ್ಳುತ್ತದೆ, ನಿಂತ ಬೈಕಿನಲ್ಲಿ ನೀರು ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯಬಹುದು. ಆದ್ದರಿಂದ ಒಳಮೈಗೆ ಲೇಪಿಸುವ ಸೀಲರ್ ಹಾಕಿಸುವುದಾದರೆ ಎಥನಾಲ್ ತಾಳುವಂಥದ್ದೇ ಎಂದು ಡಬ್ಬಿಯ ಮೇಲೆ ಓದಿಕೊಳ್ಳಿ. ಹೊರಗಿನ ಬಣ್ಣ ಏಳುತ್ತಿರುವುದಕ್ಕೆ ಕಾರಣ ಎನ್‌ಸಿ ಪೇಂಟ್ ಪೆಟ್ರೋಲಿಗೆ ಮೆತ್ತಗಾಗುವುದು. ಟ್ಯಾಂಕಿಗೆ ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವೇ ತಕ್ಕದ್ದು, ಅದು ಪೂರ್ತಿ ಗಟ್ಟಿಯಾಗುವವರೆಗೆ ಒಂದೆರಡು ವಾರ ಪೆಟ್ರೋಲ್ ತುಂಬಬೇಡಿ.

ಪ್ರಶ್ನೆ: ಪಿಯು ಬಣ್ಣವನ್ನು ಮನೆಯ ಷೆಡ್ಡಿನಲ್ಲಿ ನಾನೇ ಹೊಡೆಯಬಹುದೆ? ಮರೂನ್ ಬದಲು ಕಪ್ಪು ಬಣ್ಣ ಹೊಡೆದರೆ ತೊಂದರೆಯಿದೆಯೆ?
– ಹುಬ್ಬಳ್ಳಿಯ ಓದುಗರು

ಉತ್ತರ: ತಯಾರಿಯ ಕೆಲಸವನ್ನೆಲ್ಲ ಮನೆಯಲ್ಲಿ ಮಾಡಿ, ಪಿಯು ಬಣ್ಣವನ್ನು ಮಾತ್ರ ಸ್ಪ್ರೇ ಬೂತ್ (ಬಣ್ಣ ಹೊಡೆಯಲೆಂದೇ ಮಾಡಿದ ಮುಚ್ಚಿದ ಕೋಣೆ) ಇರುವವರಿಗೆ ಕೊಡಿ. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಶ್ವಾಸಕೋಶಕ್ಕೆ ಸೇರಿ ಆಸ್ತಮಾ ತರಬಲ್ಲದು. ಒಮ್ಮೆ ದೇಹ ಅದಕ್ಕೆ ಪ್ರತಿಕ್ರಿಯಿಸಲು ಶುರುಮಾಡಿದರೆ ಮುಂದೆ ತೀರ ಅಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಎನ್95 ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡವೇ ಇದಕ್ಕೆ ಸರಿಯಾದ ರಕ್ಷಣೆ, ಮನೆಯಲ್ಲಿ ಅದು ಇರುವುದು ಅಪರೂಪ. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಾಧ್ಯತೆಯಿದ್ದು, ಹಳೆಯ ಪದರವನ್ನು ನೀರು ಹಾಕಿಯೇ ಉಜ್ಜಿ, ಆ ಕೆಸರು ಒಣಗಿ ಧೂಳಾಗುವ ಮುನ್ನ ಒರೆಸಿ ತೆಗೆಯಬೇಕು. ಮಕ್ಕಳು ಆಡುವ ಜಾಗದಲ್ಲಿ ಈ ಕೆಲಸ ಬೇಡ.

ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಾವಣೆ ದಾಖಲಾಗಬೇಕು. ನಿಮ್ಮ ಬೈಕು ಮೊದಲು ನೋಂದಣಿಯಾಗಿ 50 ವರ್ಷ ದಾಟಿದ್ದರೆ 2021ರ ನಿಯಮಗಳ ಪ್ರಕಾರ ವಿಂಟೇಜ್ ವಾಹನವಾಗಿ ನೋಂದಾಯಿಸುವ ಅವಕಾಶವೂ ಇದೆ. ಆ ಯೋಚನೆಯಿದ್ದರೆ ಮೂಲ ಬಣ್ಣವನ್ನೇ ಉಳಿಸಿಕೊಳ್ಳಿ, ಬಿಚ್ಚುವ ಮೊದಲಿನ ಮತ್ತು ಪ್ರತಿ ಹಂತದ ಚಿತ್ರಗಳನ್ನು ದಿನಾಂಕ ಸಹಿತ ಕಡತದಲ್ಲಿಡಿ.