ಬಿ.ಸಿ. ದೋಷ ತೋರಿಸದೆ ತಪ್ಪು ಉತ್ತರ ಕೊಡುವುದು ಏಕೆ?

ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಬಿ.ಸಿ. ಎಂಬ ಲೆಕ್ಕದ ಪ್ರೋಗ್ರಾಂಗೆ 7/2 ಕೊಟ್ಟರೆ 3 ಬರುತ್ತದೆ, ಹೆಕ್ಸ್ (ಹದಿನಾರರ ಆಧಾರದ) ಸಂಖ್ಯೆ ಕೊಟ್ಟರೆ 0 ಬರುತ್ತದೆ, ದೋಷ ಸಂದೇಶ ಮಾತ್ರ ಇಲ್ಲ, ಎಲ್ಲಿ ತಪ್ಪುತ್ತಿದೆ ಎಂದು ಕೇಳಿದ್ದೀರಿ. ನಿಮ್ಮ ಯಂತ್ರದಲ್ಲಿ ಏನೂ ಕೆಟ್ಟಿಲ್ಲ. ಸಿಂಟ್ಯಾಕ್ಸ್, ಅಂದರೆ ಬರೆಯುವ ನಿಯಮ, ತಪ್ಪಿದಾಗ ಬಿ.ಸಿ. ತಾನೇ ಹೇಳುತ್ತದೆ, ತಿದ್ದಿದರಾಯಿತು. ಸಿಂಟ್ಯಾಕ್ಸ್ ಸರಿಯಿದ್ದು, ನಾವು ಅಂದುಕೊಂಡ ಅರ್ಥ ಅದಕ್ಕೆ ಇಲ್ಲದಿದ್ದಾಗಲೇ ಅಪಾಯ. ನಿಮಗೆ ಆಗಿರುವುದು ಅದೇ.

ಮೊದಲು ಭಾಗಾಕಾರ. ದಶಮಾಂಶದ ನಂತರ ಎಷ್ಟು ಅಂಕಿ ಇರಬೇಕೆಂದು ಹೇಳುವ ಸ್ಕೇಲ್ ಎಂಬ ಚರ ಆರಂಭದಲ್ಲಿ 0 ಇರುತ್ತದೆ. ಹಾಗಾಗಿ 7/2 ಎಂದರೆ 3. ಸ್ಕೇಲ್=4 ಎಂದು ಕೊಟ್ಟ ಮೇಲೆ 3.5000 ಸಿಗುತ್ತದೆ. ಆದರೂ ಅಂಕಿಗಳನ್ನು ಅದು ಕತ್ತರಿಸುತ್ತದೆಯೇ ಹೊರತು ಪೂರ್ಣಾಂಕಕ್ಕೋ ಹತ್ತಿರದ ಅಂಕಿಗೋ ಸರಿಹೊಂದಿಸುವುದಿಲ್ಲ: ಸ್ಕೇಲ್ 2 ಇದ್ದಾಗ 2/3 ಎಂದರೆ .66, 1/3*3 ಎಂದರೆ .99. ಸಾಧ್ಯವಿದ್ದಲ್ಲೆಲ್ಲ ಮೊದಲು ಗುಣಿಸಿ, ಆಮೇಲೆ ಭಾಗಿಸಿ; ಸ್ಕೇಲನ್ನು ಬೇಕಾದುದಕ್ಕಿಂತ ನಾಲ್ಕೈದು ಅಂಕಿ ಹೆಚ್ಚಿಗೆ ಇಡಿ. ಗುಣಾಕಾರವೂ ಇದರಿಂದ ಹೊರತಲ್ಲ. ಸ್ಕೇಲ್ 0 ಇದ್ದಾಗ 1.5*1.5 ಕೊಟ್ಟು ನೋಡಿ, 2.25 ಬದಲು 2.2 ಬರುತ್ತದೆ.

ಹೈಫನ್ ಎಲ್ ಆಯ್ಕೆಯೊಂದಿಗೆ ಬಿ.ಸಿ. ತೆರೆದರೆ ಸ್ಕೇಲ್ 20 ಆಗುತ್ತದೆ, ಸೈನ್, ಲಾಗರಿದಮ್ ಮುಂತಾದವೂ ಸಿಗುತ್ತವೆ. ಹಲವರು ಇದನ್ನೇ ಪರಿಹಾರವೆಂದು ಹೇಳುತ್ತಾರೆ. ಆದರೆ ಆಗ ಶೇಷ ಕೈಕೊಡುತ್ತದೆ: 7%2 ಎಂದರೆ 1 ಬರಬೇಕಾದಲ್ಲಿ 0 ಬರುತ್ತದೆ. ಭಾಗಲಬ್ಧವನ್ನು 20 ಅಂಕಿಗಳವರೆಗೆ ಲೆಕ್ಕ ಹಾಕಿ, 3.5 ಪಡೆದು, ಅದರಿಂದ ಶೇಷ ತೆಗೆಯುವುದರಿಂದ ಉಳಿಯುವುದು ಏನೂ ಇಲ್ಲ. ಶೇಷ ಬೇಕಾದಾಗ ಸ್ಕೇಲನ್ನು ಮತ್ತೆ 0 ಮಾಡಲೇಬೇಕು.

ಇನ್ನು ನಿಮ್ಮ ಹೆಕ್ಸ್ ಸಮಸ್ಯೆ. ನಾವು ಕೊಡುವ ಸಂಖ್ಯೆಗಳ ಆಧಾರವನ್ನು ಹೇಳುವ ಚರ ಐಬೇಸ್. ಐಬೇಸ್=16 ಕೊಟ್ಟ ಮೇಲೆ ನೀವು ಎಫ್‌ಎಫ್ ಎಂಬುದನ್ನು ಸಣ್ಣಕ್ಷರದಲ್ಲಿ ಬರೆದಿರಬೇಕು. ಬಿ.ಸಿ.ಗೆ ಸಣ್ಣಕ್ಷರವೆಂದರೆ ಚರದ ಹೆಸರು. ಬೆಲೆ ಕೊಡದ ಚರದ ಬೆಲೆ 0. ದೊಡ್ಡಕ್ಷರದಲ್ಲಿ ಬರೆಯಿರಿ, 255 ಬರುತ್ತದೆ. ಇದೇ ಕಾರಣಕ್ಕೆ ಚರದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಅದು ತುಟಿ ಪಿಟಕ್ಕೆನ್ನದೆ ಸೊನ್ನೆ ಹಾಕಿಕೊಂಡು ಮುಂದೆ ಹೋಗುತ್ತದೆ. ನನ್ನ ಮಟ್ಟಿಗೆ ಈ ಭಾಷೆಯ ಅತ್ಯಂತ ಕೆಟ್ಟ ಗುಣ ಇದು.

ಅಲ್ಲೇ ಇನ್ನೊಂದು ಗುಂಡಿಯಿದೆ. ಉತ್ತರದ ಆಧಾರವನ್ನು ಹೇಳುವ ಚರ ಓಬೇಸ್. ಐಬೇಸ್=16 ಆದ ಮೇಲೆ ಓಬೇಸ್=10 ಎಂದರೆ ಆ 10 ಅನ್ನೂ ಅದು ಹೆಕ್ಸ್ ಆಗಿಯೇ ಓದುತ್ತದೆ, ಅಂದರೆ ಹದಿನಾರು. ಆದ್ದರಿಂದ ಓಬೇಸ್ ಮೊದಲು, ಐಬೇಸ್ ಆಮೇಲೆ. ದಶಮಾನಕ್ಕೆ ಮರಳಲು ಐಬೇಸ್‌ಗೆ ದೊಡ್ಡಕ್ಷರದ ಎ ಕೊಡಿ. ಒಂಟಿ ಎ ಎಂದರೆ ಯಾವಾಗಲೂ ಹತ್ತು.

ಬಿ.ಸಿ. ನೋಡಲು ಸಿ ಭಾಷೆಯಂತಿದೆ, ಆ ಹೋಲಿಕೆಯನ್ನು ಬಹಳ ನಂಬಬೇಡಿ. 1975ರಲ್ಲಿ ಯುನಿಕ್ಸ್‌ನ ಆರನೇ ಆವೃತ್ತಿಯೊಂದಿಗೆ ಬಂದ, ಲೊರಿಂಡಾ ಚೆರಿ ಮತ್ತು ರಾಬರ್ಟ್ ಮಾರಿಸ್ ರೂಪಿಸಿದ ಈ ಭಾಷೆಗೆ ತನ್ನದೇ ಆದ್ಯತಾಕ್ರಮವಿದೆ. -2^2 ಎಂದರೆ 4, ಏಕೆಂದರೆ ಮೈನಸ್ ಮೊದಲು 2ಕ್ಕೆ ಅಂಟಿಕೊಳ್ಳುತ್ತದೆ. 0-2^2 ಎಂದರೆ -4. ಘಾತ ಪೂರ್ಣಾಂಕವೇ ಆಗಿರಬೇಕು. ಸ್ಕೇಲ್ 0 ಇದ್ದಾಗ 2^(1/2) ಕೊಟ್ಟರೆ ಆವರಣದೊಳಗಿನದು ಸೊನ್ನೆಯಾಗಿ, ಉತ್ತರ 1 ಆಗುತ್ತದೆ. ಷರತ್ತು ಹೇಳುವ ಇಫ್‌ನ ಪುಷ್ಪಾವರಣ ಮುಚ್ಚಿದ ಸಾಲಿನಲ್ಲೇ ಎಲ್ಸ್ ಇರಬೇಕು. ಹೊಸ ಸಾಲಿಗೆ ಹೋದರೆ ಸಿಂಟ್ಯಾಕ್ಸ್ ದೋಷ.

ಎಕೋ ಆಜ್ಞೆಯ ಮೂಲಕ ಲೆಕ್ಕವನ್ನು ಬಿ.ಸಿ.ಗೆ ಪೈಪ್ ಮಾಡುವುದಾದರೆ, ಅಂದರೆ ನೇರ ದಾಟಿಸುವುದಾದರೆ, ಇಡೀ ಲೆಕ್ಕವನ್ನು ಉದ್ಧರಣ ಚಿಹ್ನೆಗಳೊಳಗೆ ಇಡಿ. ಇಲ್ಲದಿದ್ದರೆ 3 * 4 ಎಂಬಲ್ಲಿನ ನಕ್ಷತ್ರವನ್ನು ಶೆಲ್ (ಟರ್ಮಿನಲ್‌ನಲ್ಲಿ ನಮ್ಮ ಆಜ್ಞೆಗಳನ್ನು ಓದುವ ಪ್ರೋಗ್ರಾಂ) ಕಡತಗಳ ಹೆಸರುಗಳಾಗಿ ಬಿಡಿಸಿ, ಬಿ.ಸಿ.ಗೆ ಬೇರೆಯೇ ಏನನ್ನೋ ದಾಟಿಸುತ್ತದೆ.