ಓದುಗರ ಪ್ರಶ್ನೆ: ಕೋಡ್ ಬಿಟ್ಟುಕೊಟ್ಟ ಮೇಲೆ ದುಡ್ಡು ಎಲ್ಲಿಂದ?

ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ, ಬಳಸಿ, ತಿದ್ದಬಹುದಾದ) ತಂತ್ರಾಂಶವನ್ನೇ ನಂಬಿ ಕಂಪನಿ ನಡೆಸುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ನಾವು ನಾಲ್ವರು ಸೇರಿ ಶಾಲೆಗಳ ಶುಲ್ಕ, ಹಾಜರಿ, ಅಂಕಪಟ್ಟಿ ನೋಡಿಕೊಳ್ಳುವ ತಂತ್ರಾಂಶ ಮಾಡಿದ್ದೇವೆ. ಕೋಡನ್ನು ಜಿಪಿಎಲ್ ಲೈಸೆನ್ಸ್ ಅಡಿ (ಯಾರು ಬೇಕಾದರೂ ಬಳಸಿ, ತಿದ್ದಿ, ಮಾರಬಹುದು, ಆದರೆ ಹಂಚುವಾಗ ಕೋಡನ್ನೂ ಅದೇ ಲೈಸೆನ್ಸ್‌ನಲ್ಲಿ ತೆರೆದಿಡಬೇಕು) ಹೊರಬಿಡುವ ಯೋಚನೆ ಇದೆ. ಪುಕ್ಕಟೆ ಸಿಗುವುದಕ್ಕೆ ಶಾಲೆಯವರು ದುಡ್ಡು ಯಾಕೆ ಕೊಡುತ್ತಾರೆ? (ಹುಬ್ಬಳ್ಳಿ)

ಉತ್ತರ: ಜೂನ್ ಮೊದಲ ವಾರ ಶುಲ್ಕ ಕಟ್ಟಲು ಪೋಷಕರು ಸಾಲು ನಿಂತಿದ್ದಾರೆ, ರಸೀದಿ ಪ್ರಿಂಟ್ ಆಗುತ್ತಿಲ್ಲ. ಆ ಹೊತ್ತಿನಲ್ಲಿ ಫೋನ್ ಎತ್ತಿ ಸರಿಪಡಿಸಿಕೊಡುವವರಿಗೆ ಶಾಲೆ ದುಡ್ಡು ಕೊಡುತ್ತದೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಕೊಡುವ ರೆಡ್ ಹ್ಯಾಟ್ ಕಂಪನಿ ಬೆಳೆದದ್ದೂ ಹೀಗೆಯೇ. 2003ರಲ್ಲಿ ಅದು ತನ್ನ ಲಿನಕ್ಸನ್ನು ಎರಡಾಗಿ ಒಡೆಯಿತು: ಬೇಗ ಬೇಗ ಬದಲಾಗುವ ಫೆಡೋರಾ ಎಲ್ಲರಿಗೂ ಉಚಿತ, ವರ್ಷಗಟ್ಟಲೆ ಅಲುಗಾಡದ ಎಂಟರ್‌ಪ್ರೈಸ್ ಆವೃತ್ತಿಗೆ ವಾರ್ಷಿಕ ಚಂದಾ. ಮುಂದೆ ಒಂದೊಂದು ದೊಡ್ಡ ಆವೃತ್ತಿಗೂ ಸುಮಾರು 10 ವರ್ಷ ಭದ್ರತಾ ದುರಸ್ತಿ ಕೊಡುವುದಾಗಿ ಮಾತು ಕೊಟ್ಟಿತು. ಬ್ಯಾಂಕುಗಳು ದುಡ್ಡು ಕಟ್ಟಿದ್ದು ಆ ಮಾತಿಗೆ. 2019ರಲ್ಲಿ ಐಬಿಎಂ ಈ ಕಂಪನಿಯನ್ನು ಸುಮಾರು 34 ಶತಕೋಟಿ ಡಾಲರ್‌ಗೆ ಕೊಂಡುಕೊಂಡಿತು.

ನಿಮ್ಮ ಅಳತೆಗೆ ಒಂದು ಲೆಕ್ಕ ಹಾಕೋಣ. ಒಬ್ಬ ಎಂಜಿನಿಯರ್‌ಗೆ ಸಂಬಳ, ಬಾಡಿಗೆ, ಇಂಟರ್ನೆಟ್ ಎಲ್ಲ ಸೇರಿ ತಿಂಗಳಿಗೆ 88,000 ರೂಪಾಯಿ ಬೀಳುತ್ತದೆ ಎಂದುಕೊಳ್ಳಿ. ರಜೆ, ಮೀಟಿಂಗ್, ಓಡಾಟ ಕಳೆದು ಗ್ರಾಹಕರಿಗೆ ಸಿಗುವುದು 110 ಗಂಟೆ. ಗಂಟೆಗೆ 800 ರೂಪಾಯಿ ಆಯಿತು. ಒಂದು ಶಾಲೆ ತಿಂಗಳಿಗೆ ಸರಾಸರಿ ಎರಡೂವರೆ ಗಂಟೆ ತಿಂದರೆ ನಿಮ್ಮ ಖರ್ಚು 2,000. ನೀವು 3,000 ಹಿಡಿದರೆ ವರ್ಷಕ್ಕೆ 36,000. ಜಿಎಸ್‌ಟಿ 18% ಸೇರಿ ಶಾಲೆಗೆ ಬೀಳುವುದು 42,480. ಒಬ್ಬ ಎಂಜಿನಿಯರ್ 44 ಶಾಲೆ ನೋಡಿಕೊಳ್ಳಬಲ್ಲ. ತಿಂಗಳಿಗೆ ಬರುವ 1,32,000ದಲ್ಲಿ ಅವನ ಖರ್ಚು ಕಳೆದು ಉಳಿಯುವುದು 44,000. ಅಂದರೆ 44 ಶಾಲೆ ಹಿಡಿದರೂ ಹೊಸ ಕೋಡ್ ಬರೆಯಲು ಅರ್ಧ ಆಳಿನ ಸಂಬಳವಷ್ಟೇ ಹುಟ್ಟುತ್ತದೆ. ಬರೀ ಸಪೋರ್ಟ್ ನಂಬಿದ ಸಣ್ಣ ಕಂಪನಿಗಳು ಸೊರಗುವುದು ಇಲ್ಲಿಯೇ.

ಈ ಲೆಕ್ಕ ಕೆಡಿಸುವ ತಪ್ಪುಗಳು ಎರಡು. ಒಪ್ಪಂದದಲ್ಲಿ ಗಂಟೆಯ ಮಿತಿ ಬರೆಯದೆ ‘ಯಾವಾಗ ಬೇಕಾದರೂ ಫೋನ್ ಮಾಡಿ’ ಎನ್ನುವುದು ಒಂದು. ಶಾಲೆಗೊಂದರಂತೆ ಕೋಡನ್ನೇ ತಿದ್ದಿಕೊಡುವುದು ಇನ್ನೊಂದು. 44 ಶಾಲೆಗೆ 44 ಬಗೆಯ ಕೋಡ್ ಆದರೆ ಒಂದು ಅಪ್‌ಡೇಟ್ ಬಿಡಲು ತಿಂಗಳು ಹಿಡಿಯುತ್ತದೆ, ಎರಡೂವರೆ ಗಂಟೆ ಎಂಟಾಗುತ್ತದೆ. ಶಾಲೆಗೆ ಬೇಕಾದ ಬದಲಾವಣೆಯನ್ನು ಸೆಟ್ಟಿಂಗ್ ಆಗಿ ಮೂಲ ಕೋಡಿಗೇ ಸೇರಿಸಿ, ಆ ಕೆಲಸಕ್ಕೆ ಬೇರೆ ಬಿಲ್ ಮಾಡಿ. ಇತ್ತೀಚಿನ ಎರಡು ಆವೃತ್ತಿಗಳಿಗೆ ಮಾತ್ರ ಸಪೋರ್ಟ್ ಎಂದು ಒಪ್ಪಂದದಲ್ಲೇ ಬರೆದುಬಿಡಿ.

ಪ್ರಶ್ನೆ: ನಮ್ಮ ಜಿಪಿಎಲ್ ತಂತ್ರಾಂಶವನ್ನು ಬೇರೆಯವರು ನಮ್ಮದೇ ಹೆಸರಿನಲ್ಲಿ ಮಾರುತ್ತಿದ್ದಾರೆ. ತಡೆಯಬಹುದೇ? (ಮೈಸೂರು)

ಉತ್ತರ: ಮಾರುವುದನ್ನು ತಡೆಯಲಾಗದು, ಆ ಹಕ್ಕನ್ನು ಲೈಸೆನ್ಸೇ ಅವರಿಗೆ ಕೊಟ್ಟಿದೆ. ಹೆಸರನ್ನು ತಡೆಯಬಹುದು. ಜಿಪಿಎಲ್ ಕೊಡುವುದು ಕೋಡಿನ ಹಕ್ಕು ಮಾತ್ರ, ಟ್ರೇಡ್‌ಮಾರ್ಕ್ ನಿಮ್ಮದೇ. ಫೈರ್‌ಫಾಕ್ಸ್ ಬ್ರೌಸರ್‌ನ ಹೆಸರು, ಲಾಂಛನದ ಬಳಕೆಗೆ ಅದನ್ನು ಮಾಡುವ ಮೊಜಿಲ್ಲಾ ಷರತ್ತು ಹಾಕಿದ್ದರಿಂದ ಡೆಬಿಯನ್ ಎಂಬ ಲಿನಕ್ಸ್ ತಂಡ ಅದೇ ಬ್ರೌಸರನ್ನು 2006ರಿಂದ ಹತ್ತು ವರ್ಷ ‘ಐಸ್‌ವೀಸಲ್’ ಎಂಬ ಹೆಸರಿನಲ್ಲಿ ಹಂಚಬೇಕಾಯಿತು. ನೀವು ಟ್ರೇಡ್‌ಮಾರ್ಕ್ ನೋಂದಣಿಯ ಟಿಎಂ-ಎ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಿ. ತಂತ್ರಾಂಶಕ್ಕೆ 9ನೇ ವರ್ಗ, ಇಂಟರ್ನೆಟ್ ಮೂಲಕ ಕೊಡುವ ಸೇವೆಗೆ 42ನೇ ವರ್ಗ. ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ದಿಮೆಗೆ ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ನೋಂದಣಿ 10 ವರ್ಷ ಬಾಳುತ್ತದೆ, ಆಮೇಲೆ ನವೀಕರಿಸಬಹುದು. ‘ಶಾಲಾ ತಂತ್ರಾಂಶ’ದಂಥ ಬರೀ ವರ್ಣನೆಯ ಹೆಸರಿಗೆ ನೋಂದಣಿ ಸಿಗುವುದು ಕಷ್ಟ.

ಪ್ರಶ್ನೆ: ಒಂದಿಷ್ಟು ಸೌಲಭ್ಯ ಉಚಿತ, ಉಳಿದದ್ದು ದುಡ್ಡಿಗೆ ಎಂದು ಇಡಬೇಕೆಂದಿದ್ದೇವೆ. ಯಾವುದನ್ನು ಮುಚ್ಚಿಡಬೇಕು? (ಮಂಗಳೂರು)

ಉತ್ತರ: ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿ ಪಾಲಿಸುವ ಸೂತ್ರ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಒಂದು ಸೌಲಭ್ಯ ಯಾರಿಗೆ ಹೆಚ್ಚು ಬೇಕು ಎಂದು ನೋಡಿ. ದಿನಾ ಕೂತು ಕೆಲಸ ಮಾಡುವವರಿಗೆ ಬೇಕಾದದ್ದು ಉಚಿತ, ಮೇಲ್ವಿಚಾರಕರಿಗೂ ಆಡಳಿತಕ್ಕೂ ಬೇಕಾದದ್ದು ದುಡ್ಡಿಗೆ. ಯಾರು ಯಾವಾಗ ಏನು ತಿದ್ದಿದರೆಂಬ ಆಡಿಟ್ ದಾಖಲೆ, ಸಂಸ್ಥೆಯ ಒಂದೇ ಲಾಗಿನ್‌ನಿಂದ ಒಳಬರುವ ವ್ಯವಸ್ಥೆ, ಹತ್ತಾರು ಶಾಖೆಗಳ ಒಟ್ಟು ವರದಿ ಈ ಎರಡನೆಯ ಗುಂಪಿಗೆ ಸೇರುತ್ತವೆ. ಬ್ಯಾಕಪ್, ಡೇಟಾ ಹೊರತೆಗೆಯುವ ಸೌಲಭ್ಯ, ಭದ್ರತಾ ದುರಸ್ತಿಗಳನ್ನು ಮಾತ್ರ ಎಂದೂ ಮುಚ್ಚಿಡಬೇಡಿ. ಉಚಿತ ಆವೃತ್ತಿ ಕೈಕಾಲು ಕಟ್ಟಿದಂತಿದ್ದರೆ ಬಳಸುವವರೇ ಇರುವುದಿಲ್ಲ, ದುಡ್ಡಿನ ಆವೃತ್ತಿಗೆ ಬರುವವರೂ ಇರುವುದಿಲ್ಲ.

ಏನನ್ನೂ ಮುಚ್ಚಿಡದೆ ನಡೆಯುವ ದಾರಿಯೂ ಇದೆ. ಮುಂಬೈನ ಫ್ರಾಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ಎಂಬ ವ್ಯವಹಾರ ನಿರ್ವಹಣೆಯ ತಂತ್ರಾಂಶ ಪೂರ್ತಿ ಜಿಪಿಎಲ್. ಅವರ ಆದಾಯ ಫ್ರಾಪೆ ಕ್ಲೌಡ್ ಎಂಬ ಹೋಸ್ಟಿಂಗ್ (ಗ್ರಾಹಕರಿಗಾಗಿ ತಂತ್ರಾಂಶವನ್ನು ಸರ್ವರ್ ಮೇಲೆ ನಡೆಸಿಕೊಡುವ ಸೇವೆ) ಮತ್ತು ಸಪೋರ್ಟ್‌ನಿಂದ ಬರುತ್ತದೆ.

ಪ್ರಶ್ನೆ: ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನವರು ಒಂದೇ ಕೋಡಿಗೆ ಎರಡು ಲೈಸೆನ್ಸ್ ಇಟ್ಟು ಗಳಿಸಿದರಂತೆ. ನಾವೂ ಮಾಡಬಹುದೇ? (ಬೆಂಗಳೂರು)

ಉತ್ತರ: ನಿಮ್ಮದು ಬೇರೆಯವರು ತಮ್ಮ ತಂತ್ರಾಂಶದೊಳಗೆ ಸೇರಿಸಿ ಮಾರುವ ವಸ್ತುವಾಗಿದ್ದರೆ ಮಾಡಬಹುದು. ಮೈಎಸ್‌ಕ್ಯೂಎಲ್, ಕ್ಯೂಟಿ (ಆ್ಯಪ್ ಕಟ್ಟುವ ಸಲಕರಣೆ) ಎರಡೂ ಅಂಥವು. ತಮ್ಮ ಕೋಡನ್ನು ತೆರೆಯಲು ಒಪ್ಪದ ಕಂಪನಿ ದುಡ್ಡು ಕಟ್ಟಿ ಇನ್ನೊಂದು ಲೈಸೆನ್ಸ್ ಪಡೆಯುತ್ತದೆ. ಶಾಲೆ, ಆಸ್ಪತ್ರೆಯಂಥವರು ತಾವೇ ನಡೆಸಿಕೊಳ್ಳುವ ತಂತ್ರಾಂಶಕ್ಕೆ ಇದು ನಡೆಯದು, ಅವರಿಗೆ ಎರಡನೆಯ ಲೈಸೆನ್ಸ್ ಬೇಕಾಗುವುದೇ ಇಲ್ಲ.

ಷರತ್ತು ಒಂದಿದೆ: ಪ್ರತಿ ಸಾಲಿನ ಹಕ್ಕೂ ನಿಮ್ಮ ಕೈಯಲ್ಲಿರಬೇಕು. ಹೊರಗಿನವರೊಬ್ಬರು ಜಿಪಿಎಲ್ ಅಡಿ ಕಳಿಸಿದ 200 ಸಾಲು ಒಳಗೆ ಸೇರಿತೆಂದರೆ, ಅವರ ಒಪ್ಪಿಗೆಯಿಲ್ಲದೆ ಆ ಆವೃತ್ತಿಯನ್ನು ಬೇರೆ ಲೈಸೆನ್ಸ್‌ನಲ್ಲಿ ಮಾರುವಂತಿಲ್ಲ. ಆದ್ದರಿಂದ ಕೊಡುಗೆದಾರರ ಒಪ್ಪಂದ ಮೊದಲೇ ಸಿದ್ಧವಿರಲಿ. ನಮ್ಮ ದೇಶದಲ್ಲಿ ಹಲವರು ಎಡವುವುದು ಇಲ್ಲೇ, ವಿದೇಶದ ನಮೂನೆಯನ್ನು ಹಾಗೇ ನಕಲು ಮಾಡಿಕೊಂಡು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ. ವರ್ಷದೊಳಗೆ ಬಳಸದ ಹಕ್ಕು ಸಾಮಾನ್ಯವಾಗಿ ಬಿದ್ದುಹೋಗುತ್ತದೆ. 30ಎ ಕಲಮು ಇದನ್ನೇ ಲೈಸೆನ್ಸ್‌ಗಳಿಗೂ ಅನ್ವಯಿಸುತ್ತದೆ. ‘ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಇಡೀ ಜಗತ್ತಿಗೆ, ವರ್ಷದೊಳಗೆ ಬಳಸದಿದ್ದರೂ ಹಕ್ಕು ಉಳಿಯುತ್ತದೆ’ ಎಂಬ ಮೂರೂ ಮಾತು ಒಪ್ಪಂದದಲ್ಲಿರಲಿ. ಸಹಿಗೆ ಮೊದಲು ವಕೀಲರಿಗೆ ತೋರಿಸಿ.

ಪ್ರಶ್ನೆ: ನಾವೇ ಹೋಸ್ಟಿಂಗ್ ಕೊಡಲು ಹೊರಟಿದ್ದೇವೆ. ದೊಡ್ಡ ಕ್ಲೌಡ್ ಕಂಪನಿ ನಮ್ಮ ಕೋಡ್ ಎತ್ತಿಕೊಂಡು ಅದೇ ಸೇವೆ ಕೊಟ್ಟರೆ? (ಶಿವಮೊಗ್ಗ)

ಉತ್ತರ: ಈ ಭಯಕ್ಕೆ ಕಾರಣವಿದೆ. ಮೊಂಗೋಡಿಬಿ ಎಂಬ ಡೇಟಾಬೇಸ್ ಕಂಪನಿ 2016ರಲ್ಲಿ ಅಟ್ಲಾಸ್ ಎಂಬ ಹೋಸ್ಟಿಂಗ್ ಶುರು ಮಾಡಿ, 2018ರಲ್ಲಿ ಎಜಿಪಿಎಲ್ (ಇಂಟರ್ನೆಟ್ ಸೇವೆಗೂ ಅನ್ವಯಿಸುವ ಜಿಪಿಎಲ್ ರೂಪ) ಬಿಟ್ಟು ಎಸ್‌ಎಸ್‌ಪಿಎಲ್ ಎಂಬ ಬಿಗಿ ಲೈಸೆನ್ಸ್‌ಗೆ ಹೋಯಿತು. ಸೇವೆಯಾಗಿ ಮಾರುವವರು ತಮ್ಮ ನಿರ್ವಹಣೆಯ ಕೋಡನ್ನೆಲ್ಲ ತೆರೆಯಬೇಕು ಎನ್ನುತ್ತದೆ ಅದು. ಲೈಸೆನ್ಸ್‌ಗಳಿಗೆ ಓಪನ್ ಸೋರ್ಸ್ ಮಾನ್ಯತೆ ಕೊಡುವ ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆ ಅದನ್ನು ಮುಕ್ತ ಲೈಸೆನ್ಸ್ ಎಂದು ಒಪ್ಪಲಿಲ್ಲ. 2021ರಲ್ಲಿ ಹುಡುಕಾಟದ ತಂತ್ರಾಂಶ ಮಾಡುವ ಇಲಾಸ್ಟಿಕ್ ಅದೇ ಹಾದಿ ಹಿಡಿದಾಗ ಅಮೆಜಾನ್ ಹಳೆಯ ಮುಕ್ತ ಆವೃತ್ತಿಯಿಂದ ಓಪನ್‌ಸರ್ಚ್ ಎಂಬ ಕವಲು (ಅದೇ ಕೋಡಿನಿಂದ ಬೇರೆಯಾಗಿ ಬೆಳೆಸುವ ತಂತ್ರಾಂಶ) ತೆಗೆಯಿತು. 2024ರ ಮಾರ್ಚ್‌ನಲ್ಲಿ ರೆಡಿಸ್ ಎಂಬ ಡೇಟಾಬೇಸ್ ಲೈಸೆನ್ಸ್ ಬದಲಿಸಿದ ಕೆಲವೇ ದಿನಗಳಲ್ಲಿ ಲಿನಕ್ಸ್ ಫೌಂಡೇಶನ್ ಅಡಿ ಅದರ ಕವಲಾದ ವಾಲ್ಕೀ ಹುಟ್ಟಿತು. ಇಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ ಆಯ್ಕೆಯನ್ನು ಸೇರಿಸಿದವು. ಅಷ್ಟರಲ್ಲಿ ಕವಲುಗಳು ಬೇರು ಬಿಟ್ಟಿದ್ದವು.

ಸರ್ವರ್ ಮೇಲೆ ನಡೆಯುವ ತಂತ್ರಾಂಶಕ್ಕೆ ಮೊದಲ ದಿನವೇ ಎಜಿಪಿಎಲ್ ಹಾಕಿ ಎಂಬುದು ನಮ್ಮ ಖಚಿತ ಸಲಹೆ. ಅದರ ಮಿತಿಯನ್ನೂ ಅರಿತಿರಿ: ಕೋಡನ್ನು ತಿದ್ದಿ ಸೇವೆ ಕೊಡುವವರು ಆ ತಿದ್ದುಪಡಿಯನ್ನು ಬಳಕೆದಾರರಿಗೆ ತೆರೆಯಬೇಕು, ಅಷ್ಟೇ. ತಿದ್ದದೆ ಹೋಸ್ಟ್ ಮಾಡುವವರನ್ನು ಅದು ತಡೆಯುವುದಿಲ್ಲ. ಹಾಗಾಗಿ ನಿಮ್ಮ ಹೋಸ್ಟಿಂಗೇ ಎಲ್ಲರಿಗಿಂತ ಚೆನ್ನಾಗಿರಬೇಕು. ರಾತ್ರಿ ತೆಗೆದ ಬ್ಯಾಕಪ್ ಬೇರೆ ಊರಿನ ಡೇಟಾ ಸೆಂಟರ್‌ನಲ್ಲಿರಲಿ. ತಿಂಗಳಿಗೊಮ್ಮೆ ಅದನ್ನು ಖಾಲಿ ಸರ್ವರ್ ಮೇಲೆ ತೆರೆದು, ಒಂದು ರಸೀದಿ ಪ್ರಿಂಟ್ ಹೊಡೆದು ನೋಡಿ. ತೆರೆದು ನೋಡದ ಬ್ಯಾಕಪ್ ಬೇಕಾದ ದಿನ ಕೈಕೊಡಬಹುದು. ಆ ದಿನ ಗ್ರಾಹಕರು ಹೊರಟುಹೋಗುತ್ತಾರೆ.

ಪ್ರಶ್ನೆ: ದೇಣಿಗೆಯಿಂದ ನಡೆಸಬಹುದೇ? (ಧಾರವಾಡ)

ಉತ್ತರ: ಸಂಬಳ ಕೊಡುವಷ್ಟು ನಂಬಬೇಡಿ. ದೇಣಿಗೆ ಒಂದು ತಿಂಗಳು ಬರುತ್ತದೆ, ಇನ್ನೊಂದು ತಿಂಗಳು ಇಲ್ಲ. ಅನುದಾನ ಬೇರೆ ಮಾತು. ಬೆಂಗಳೂರಿನ ಷೇರು ವಹಿವಾಟು ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಎಂಬ ಓಪನ್ ಸೋರ್ಸ್ ನಿಧಿ ಆರಂಭಿಸಿ ವರ್ಷಕ್ಕೆ 10 ಲಕ್ಷ ಡಾಲರ್ ತೆಗೆದಿಟ್ಟಿದೆ. ಒಂದು ಯೋಜನೆಗೆ 10,000ದಿಂದ 1,00,000 ಡಾಲರ್‌ವರೆಗೆ. ಈಗಾಗಲೇ ಜನ ಬಳಸುತ್ತಿರುವ ಯೋಜನೆಗಳಿಗೆ ಇದು ಮೀಸಲು, ಹೊಸದಕ್ಕಲ್ಲ. ಯಾವ ಕೆಲಸಕ್ಕೆ ಎಷ್ಟು ಬೇಕೆಂದು ‘ಫಂಡಿಂಗ್ ಡಾಟ್ ಜೇಸನ್’ ಎಂಬ ಕಡತದಲ್ಲಿ ಬರೆದು ನಿಮ್ಮ ಜಾಲತಾಣದಲ್ಲೋ ಕೋಡ್ ಭಂಡಾರದಲ್ಲೋ ಇಟ್ಟು, ಅದರ ಕೊಂಡಿಯನ್ನು ಸಲ್ಲಿಸಬೇಕು.