ಸ್ಟಾರ್ ಪಿಚರ್ ಕೊಟ್ಟು ಹುಡುಗರನ್ನು ತಗೊಂಡರೆ ಮೋಸ ಹೋದ ಹಾಗಾ?

ಜುಲೈ ಕೊನೆ ಬಂತು ಅಂದರೆ ಅಮೆರಿಕದ ಬೇಸ್‌ಬಾಲ್ ತಂಡಗಳಲ್ಲಿ ಟ್ರೇಡ್, ಅಂದರೆ ಆಟಗಾರರ ಅದಲುಬದಲು ಜೋರು, ಆಗ ಒಂದೇ ಪ್ರಶ್ನೆ ಹತ್ತು ವೇಷ ಹಾಕಿಕೊಂಡು ಬರುತ್ತದೆ. ಡಿಸೆಂಬರ್‌ನಲ್ಲಿ ಇನ್ನೊಂದು ಸುತ್ತು. ವರ್ಷಗಟ್ಟಲೆ ಮೈನರ್ ಲೀಗ್ ಮೈದಾನಗಳಲ್ಲಿ ಚೆಂಡಿನ ವೇಗ ಅಳೆಯುವ ರೇಡಾರ್ ಗನ್ ಹಿಡಿದು ಕೂತು ಹುಡುಗರ ಅಂದಾಜು ಬರೆದುಕೊಟ್ಟಿದ್ದೇನೆ. ಆ ಅನುಭವದ ಮೇಲೆ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ. ಪಿಚರ್ ಅಂದರೆ ಚೆಂಡು ಎಸೆಯುವವರು, ಮೈನರ್ ಲೀಗ್ ಅಂದರೆ ಹುಡುಗರು ದೊಡ್ಡ ಲೀಗ್‌ಗೆ (ಮೇಜರ್ ಲೀಗ್) ತಯಾರಾಗುವ ಕೆಳಗಿನ ಲೀಗ್; ಇದಕ್ಕಿಂತ ಹೆಚ್ಚು ವಿವರಿಸುತ್ತಾ ಕೂರುವುದಿಲ್ಲ. ಅಷ್ಟು ಗೊತ್ತಿದ್ದೇ ಕೇಳುತ್ತಿದ್ದೀರಿ.

ಪ್ರಶ್ನೆ: ಶಿಕಾಗೊ ಪಕ್ಕದಲ್ಲಿದ್ದೇವೆ, ಮನೆಮಂದಿಯೆಲ್ಲ ವೈಟ್ ಸಾಕ್ಸ್ ಅಭಿಮಾನಿಗಳು. 2016ರಲ್ಲಿ ಪಿಚರ್ ಕ್ರಿಸ್ ಸೇಲ್ ಅವರನ್ನು ಬಾಸ್ಟನ್‌ಗೆ ಕೊಟ್ಟರು. 2024ರಲ್ಲಿ ಪಿಚರ್ ಗ್ಯಾರೆಟ್ ಕ್ರೊಶೇ ಅವರನ್ನೂ ಬಾಸ್ಟನ್‌ಗೇ ಕೊಟ್ಟರು. ಬದಲಿಗೆ ಬಂದವರು ಹೆಸರೇ ಕೇಳದ ಹುಡುಗರು. ಇದು ಅಭಿಮಾನಿಗಳಿಗೆ ಮಾಡಿದ ಮೋಸ ಅಲ್ವಾ?

ಅಲ್ಲ. ಸೇಲ್ ಅವರನ್ನು ಕೊಟ್ಟದ್ದು ಸರಿ. ಕ್ರೊಶೇ ಅವರನ್ನು ಕೊಟ್ಟದ್ದೂ ಸರಿ. ನಿಮಗೆ ಸಿಟ್ಟು ಬಂದಿರುವುದು ನ್ಯಾಯವೇ, ಆದರೆ ಅದು ತಿರುಗಬೇಕಾದ ದಿಕ್ಕು ಬೇರೆ. ಎಲ್ಲಿಗೆ ಅಂತ ಕೊನೆಗೆ ಹೇಳುತ್ತೇನೆ.

ಮೊದಲು, ಬಾಸ್ಟನ್‌ಗೆ ಹೋದದ್ದು ಏನು ಅಂತ ನೋಡಿ. 2016ರ ಡಿಸೆಂಬರ್ 6ರಂದು ಸೇಲ್ ಜೊತೆಗೆ ಅವರ ಒಪ್ಪಂದವೂ ಬಾಸ್ಟನ್ನಿನ ರೆಡ್ ಸಾಕ್ಸ್ ತಂಡದ ಪಾಲಾಯಿತು. ಮೂರು ವರ್ಷಕ್ಕೆ ಎಲ್ಲ ಸೇರಿ ಸುಮಾರು 3.8 ಕೋಟಿ ಡಾಲರ್. ಹಿಂದಿನ ಚಳಿಗಾಲದಲ್ಲಿ ಅದೇ ಬಾಸ್ಟನ್ ಪಿಚರ್ ಡೇವಿಡ್ ಪ್ರೈಸ್ ಅವರಿಗೆ ಏಳು ವರ್ಷಕ್ಕೆ 21.7 ಕೋಟಿ ಡಾಲರ್ ಒಪ್ಪಿಕೊಂಡಿತ್ತು. ವರ್ಷಕ್ಕೆ 3.1 ಕೋಟಿ ಆಯಿತು. ಅಂದರೆ ಪ್ರೈಸ್ ಅವರ ಒಂದು ವರ್ಷದ ಸಂಬಳಕ್ಕೆ ಸ್ವಲ್ಪ ಸೇರಿಸಿದರೆ ಸೇಲ್ ಮೂರು ವರ್ಷ ಸಿಗುತ್ತಿದ್ದರು! ಅದಕ್ಕೇ ಬಾಸ್ಟನ್ ನಾಲ್ಕು ಹುಡುಗರನ್ನು ಬಿಟ್ಟುಕೊಟ್ಟಿತು: ಯೊಆನ್ ಮೊಂಕಾಡಾ, ಮೈಕಲ್ ಕೋಪೆಕ್, ಲೂಯಿಸ್ ಅಲೆಕ್ಸಾಂಡರ್ ಬಸಾಬೆ, ವಿಕ್ಟರ್ ಡಿಯಾಸ್. ಇದೇ ಸೇಲ್ ಅವರನ್ನು ಒಪ್ಪಂದದ ಕೊನೆಯ ವರ್ಷದವರೆಗೆ ಇಟ್ಟುಕೊಂಡು ಆಮೇಲೆ ಮಾರಲು ಹೋಗಿದ್ದರೆ ಇದರ ಅರ್ಧವೂ ಸಿಗುತ್ತಿರಲಿಲ್ಲ. ಸ್ಟಾರ್ ಪಿಚರ್‌ಗೆ ಒಳ್ಳೆ ಬೆಲೆ ಬರುವುದು ಒಪ್ಪಂದದಲ್ಲಿ ಇನ್ನೂ ಎರಡು ಮೂರು ವರ್ಷ ಬಾಕಿ ಇರುವಾಗ.

ಇಟ್ಟುಕೊಂಡು ಮಾಡುವುದಾದರೂ ಏನಿತ್ತು? ಆ ವರ್ಷ ವೈಟ್ ಸಾಕ್ಸ್ 78 ಗೆದ್ದು 84 ಸೋತಿತ್ತು. ಪಿಚರ್ ಐದು ದಿನಕ್ಕೊಮ್ಮೆ ಎಸೆಯಲು ಬರುತ್ತಾರೆ. ಸೀಸನ್ನಿನ 162 ಪಂದ್ಯಗಳಲ್ಲಿ ಅವರ ಪಾಲಿಗೆ 32, ಹೆಚ್ಚೆಂದರೆ 33. ಮಿಕ್ಕ 130 ಪಂದ್ಯಕ್ಕೆ ಆಳಿಲ್ಲದ ತಂಡ ಅದು.

ಇನ್ನು ಹುಡುಗರ ವಿಷಯ. ದೊಡ್ಡ ಲೀಗ್‌ನಲ್ಲಿ 172 ದಿನ ಇದ್ದರೆ ಒಂದು ವರ್ಷದ ಲೆಕ್ಕ. ಅಂಥ ಆರು ವರ್ಷ ತುಂಬುವವರೆಗೆ ಆಟಗಾರ ತಂಡದ ಕೈಯಲ್ಲೇ ಇರುತ್ತಾನೆ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸು. 2025ರಲ್ಲಿ ಆ ಕನಿಷ್ಠ 7.6 ಲಕ್ಷ ಡಾಲರ್. ಹೆಸರು ಕೇಳದ ಹುಡುಗ ಅಂತ ನೀವು ಅನ್ನುವವನನ್ನು ತಂಡಗಳು ಆರು ವರ್ಷದ ಲೆಕ್ಕದಲ್ಲಿ ನೋಡುತ್ತವೆ. ಅಂಥ ನಾಲ್ವರಲ್ಲಿ ಇಬ್ಬರು ನಿಂತರೂ ಉಳಿದ ದುಡ್ಡಿನಲ್ಲಿ ಇನ್ನೊಬ್ಬ ದೊಡ್ಡ ಆಟಗಾರನನ್ನು ತರಬಹುದು. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ.

ಆದರೆ ಹುಡುಗ ನಿಲ್ಲುತ್ತಾನೆ ಅಂತ ಯಾರೂ ಬರೆದುಕೊಡಲಾರರು. ಪಿಚರ್ ಹುಡುಗನಾದರಂತೂ ಇನ್ನೂ ಕಷ್ಟ. ಕೋಪೆಕ್ ಗಂಟೆಗೆ 100 ಮೈಲಿ ವೇಗದಲ್ಲಿ ಎಸೆಯುತ್ತಿದ್ದ. 2018ರ ಆಗಸ್ಟ್ 21ರಂದು ಅವನ ಮೊದಲ ದೊಡ್ಡ ಪಂದ್ಯ. ನಾನು ಆವತ್ತು ಮೈದಾನದಲ್ಲಿದ್ದೆ. ಅವನು ನಡೆದು ಬಂದಾಗಲೇ ಜನ ಎದ್ದು ನಿಂತರು. ಎರಡೇ ಇನ್ನಿಂಗ್ಸ್, ನಾಲ್ಕು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್). ಅಷ್ಟರಲ್ಲಿ ಮಳೆ. ಬಹಳ ಹೊತ್ತು ತಣ್ಣಗಾದ ಕೈಯಿಂದ ಮತ್ತೆ ಎಸೆಸಬಾರದು ಅಂತ ಅವನನ್ನು ಕೂರಿಸಿದರು. ಒದ್ದೆ ಕುರ್ಚಿಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿದ್ದ ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ನಾಲ್ಕನೇ ಪಂದ್ಯದ ಹೊತ್ತಿಗೆ ಚೆಂಡಿನ ವೇಗ ಇಳಿದಿತ್ತು. ನೋಡಿದರೆ ಮೊಣಕೈ ಒಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಿತ್ತು. ಮಳೆಯ ಆ ರಾತ್ರಿಗೂ ಈ ಸುದ್ದಿಗೂ ನಡುವೆ ಮೂರು ವಾರವೂ ಇಲ್ಲ. ಅವನು ಮತ್ತೆ ದೊಡ್ಡ ಲೀಗ್‌ನಲ್ಲಿ ಎಸೆದದ್ದು 2021ರಲ್ಲಿ.

ಸೇಲ್ ಅವರ ಕಥೆಯೂ ಅದೇ ಮೊಣಕೈಯದು. 2018ರ ಅಕ್ಟೋಬರ್ 28ರಂದು ವಿಶ್ವ ಸರಣಿಯ ಕೊನೆಯ ಚೆಂಡು ಎಸೆದದ್ದು ಅವರೇ. ಮ್ಯಾನಿ ಮಚಾಡೊ ಬ್ಯಾಟ್ ಬೀಸಿ ಮೊಣಕಾಲಿಗೆ ಕುಸಿದರು, ಬಾಸ್ಟನ್ ಚಾಂಪಿಯನ್ ಆಯಿತು. 2020ರ ಮಾರ್ಚ್‌ನಲ್ಲಿ ಸೇಲ್ ಮೊಣಕೈಗೂ ಶಸ್ತ್ರಚಿಕಿತ್ಸೆ. ನಂತರ ಒಂದರ ಹಿಂದೆ ಒಂದು ಗಾಯ. 2023ರ ಕೊನೆಗೆ ಬಾಸ್ಟನ್ ಅವರನ್ನು ಒಬ್ಬನೇ ಒಬ್ಬ ಹುಡುಗನ ಬದಲಿಗೆ ಅಟ್ಲಾಂಟಾ ಬ್ರೇವ್ಸ್‌ಗೆ ಕೊಟ್ಟಿತು. ಮರುವರ್ಷವೇ 18 ಗೆಲುವು, 225 ಸ್ಟ್ರೈಕ್‌ಔಟ್, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ! ಪಿಚರ್ ಕೈಯ ಭವಿಷ್ಯ ಹೇಳುತ್ತೇನೆ ಅನ್ನುವವರ ಮಾತನ್ನು ನಾನು ಕೇಳುವುದು ಬಿಟ್ಟಿದ್ದೇನೆ. ಹೇಳಲು ಆಗುವುದಿಲ್ಲ. ಆಗುವುದಿಲ್ಲ ಅಂತಲೇ ಗೆಲ್ಲದ ತಂಡ ಆ ಅಪಾಯವನ್ನು ಗೆಲ್ಲುವ ತಂಡಕ್ಕೆ ದಾಟಿಸಬೇಕು.

ಈಗ ನಿಮ್ಮ ಸಿಟ್ಟಿಗೆ ಬರೋಣ. ಹುಡುಗರು ಪೂರ್ತಿ ಕೈಕೊಟ್ಟರು ಅನ್ನುವುದು ಸುಳ್ಳು. ಮೊಂಕಾಡಾ 2018ರಲ್ಲಿ 217 ಸಲ ಸ್ಟ್ರೈಕ್‌ಔಟ್ ಆದ, ಲೀಗ್‌ನಲ್ಲೇ ಅತಿ ಜಾಸ್ತಿ. ಮರುವರ್ಷ ಅವನೇ 25 ಹೋಂ ರನ್ ಹೊಡೆದ, ಬ್ಯಾಟಿಂಗ್ ಸರಾಸರಿ .315, ಬೇಸ್‌ಬಾಲ್‌ನಲ್ಲಿ ಅದು ಬಹಳ ಒಳ್ಳೆಯದು. 2017ರಲ್ಲಿ ಪಿಚರ್ ಹೊಸೆ ಕಿಂಟಾನಾ ಅವರನ್ನು ಶಿಕಾಗೊದ ಇನ್ನೊಂದು ತಂಡ ಕಬ್ಸ್‌ಗೆ ಕೊಟ್ಟಾಗ ಎಲಾಯ್ ಹಿಮೆನೆಸ್, ಡಿಲನ್ ಸೀಸ್ ಬಂದರು. ಈ ಹುಡುಗರ ಬಲದಿಂದಲೇ ತಂಡ 2020ರಲ್ಲಿ, 2021ರಲ್ಲಿ ಪ್ಲೇಆಫ್ ಮುಟ್ಟಿತು. 2021ರಲ್ಲಿ 93 ಗೆಲುವು. ಅಂದರೆ ಟ್ರೇಡ್ ತನ್ನ ಕೆಲಸ ಮಾಡಿತ್ತು.

ಮಾಲೀಕರು ತಮ್ಮ ಪಾಲಿನ ಕೆಲಸ ಮಾಡಲಿಲ್ಲ. ಹುಡುಗರ ಸಂಬಳ ಕಡಿಮೆ ಇರುವ ಆ ನಾಲ್ಕೈದು ವರ್ಷದಲ್ಲೇ ಕೈ ಬಿಚ್ಚಿ ಖರ್ಚು ಮಾಡಬೇಕಿತ್ತು. 2019ರ ಆರಂಭದಲ್ಲಿ ಮಚಾಡೊ ಅವರಿಗೆ ವೈಟ್ ಸಾಕ್ಸ್ ಕೂಡ ಬಲೆ ಬೀಸಿತ್ತು. ಅವರು 10 ವರ್ಷಕ್ಕೆ 30 ಕೋಟಿ ಡಾಲರ್ ಕೊಟ್ಟ ಸ್ಯಾನ್ ಡಿಯೇಗೊಗೆ ಹೋದರು. 2022ರ ಡಿಸೆಂಬರ್‌ನಲ್ಲಿ ಆಂಡ್ರೂ ಬೆನಿಂಟೆಂಡಿ ಅವರಿಗೆ ವೈಟ್ ಸಾಕ್ಸ್ ಐದು ವರ್ಷಕ್ಕೆ ಕೊಟ್ಟ 7.5 ಕೋಟಿಯೇ ಅಲ್ಲಿಯವರೆಗಿನ ಆ ತಂಡದ ಅತಿ ದೊಡ್ಡ ಒಪ್ಪಂದ. ಶಿಕಾಗೊದಂಥ ದೊಡ್ಡ ಊರಿನ ತಂಡ! ಕೊನೆಗೆ 2024ರಲ್ಲಿ 41 ಗೆಲುವು, 121 ಸೋಲು. 1900ರಿಂದ ಈಚೆಗೆ ಒಂದೇ ಸೀಸನ್‌ನಲ್ಲಿ ಯಾವ ತಂಡವೂ ಇಷ್ಟು ಸೋತಿರಲಿಲ್ಲ. ಟಿಕೆಟ್ ಕೊಂಡು ಕೂತ ನಿಮ್ಮಂಥವರಿಗೆ ಆದ ನೋವು ನನಗೆ ಗೊತ್ತು. ಆ 121ರಲ್ಲಿ ಎಷ್ಟೋ ಪಂದ್ಯ ನಾನೂ ಕೂತು ನೋಡಿದ್ದೇನೆ. ನಿಮ್ಮ ಸಿಟ್ಟು ಇಲ್ಲಿಗೆ ಸೇರಬೇಕು.

ಹಾಗಾದರೆ ಕ್ರೊಶೇ? ಅವರು ಬಾಸ್ಟನ್‌ನಲ್ಲಿ 2025ರಲ್ಲಿ 255 ಸ್ಟ್ರೈಕ್‌ಔಟ್ ಮಾಡಿದರು, ನಿಜ. ಆದರೆ ಈ ಸಲ ಬಂದ ನಾಲ್ವರಲ್ಲಿ ಮೂವರು ಬ್ಯಾಟ್ ಹಿಡಿಯುವವರು: ಕೈಲ್ ಟೀಲ್, ಬ್ರೇಡನ್ ಮಾಂಟ್ಗಮರಿ, ಚೇಸ್ ಮೀಡ್ರಾಥ್. ಪಿಚರ್ ಒಬ್ಬನೇ, ವಿಕೆಲ್ಮನ್ ಗೊನ್ಸಾಲೆಸ್. ಟೀಲ್, ಮೀಡ್ರಾಥ್ 2025ರಲ್ಲೇ ದೊಡ್ಡ ಲೀಗ್‌ಗೆ ಬಂದೂ ಆಯಿತು. ನನ್ನನ್ನು ಕೇಳಿದ್ದರೂ ಹೀಗೇ ಆರಿಸಿ ಅನ್ನುತ್ತಿದ್ದೆ. ಒಂದು ಪಿಚರ್ ಕೈ ಕೊಟ್ಟು ನಾಲ್ಕು ಪಿಚರ್ ಕೈ ತಗೊಳ್ಳುವುದು ನನಗೆ ಭಯದ ವ್ಯಾಪಾರ.

ಹೆಸರು ಕೇಳದವರು ಅಂದಿರಲ್ಲ, ಅದಕ್ಕೆ ಒಂದು ಹಳೇ ವಿಷಯ. 2008ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ತನ್ನ ಪಿಚರ್ ಸಿಸಿ ಸಬಾತಿಯಾ ಅವರನ್ನು ಮಿಲ್ವಾಕಿಗೆ ಕೊಟ್ಟಿತು. ಸಬಾತಿಯಾ ಅಲ್ಲಿ 11 ಗೆದ್ದು ಎರಡೇ ಸೋತರು. ಕೊನೆ ಕೊನೆಗೆ ಮೂರೇ ದಿನದ ವಿಶ್ರಾಂತಿಯಲ್ಲಿ ಎಸೆದರು. 1982ರ ನಂತರ ಮೊದಲ ಸಲ ಮಿಲ್ವಾಕಿ ಪ್ಲೇಆಫ್ ಸೇರಿತು. ಅದೇ ಚಳಿಗಾಲದಲ್ಲಿ ಅವರು ನ್ಯೂಯಾರ್ಕ್ ಯಾಂಕೀಸ್‌ಗೆ ಹೊರಟುಹೋದರು. ಈ ಕಡೆ ಬಂದವರಲ್ಲಿ ಎಲ್ಲರ ಕಣ್ಣು ಇದ್ದದ್ದು ಮ್ಯಾಟ್ ಲಾಪೋರ್ಟಾ ಮೇಲೆ. ನಾನೂ ಅವನನ್ನೇ ನಂಬಿದ್ದೆ. ಅವನು ನಿಲ್ಲಲಿಲ್ಲ. ಯಾರು ಅಂತ ಆಮೇಲೆ ಹೇಳುತ್ತೇವೆ ಅಂತ ಖಾಲಿ ಬಿಟ್ಟಿದ್ದ ಜಾಗಕ್ಕೆ ಸೀಸನ್ ಮುಗಿದ ಮೇಲೆ ಸೇರಿಸಿದ ಹೆಸರು ಮೈಕಲ್ ಬ್ರ್ಯಾಂಟ್ಲಿ. ಐದು ಸಲ ಆಲ್ ಸ್ಟಾರ್ ಆದವನು, ಅಂದರೆ ಲೀಗ್‌ನ ಶ್ರೇಷ್ಠರ ತಂಡಕ್ಕೆ ಆಯ್ಕೆಯಾದವನು ಅವನು. ಇದು ಗೊತ್ತಾಗಲು ಆರು ವರ್ಷ ಹಿಡಿಯಿತು. ಟ್ರೇಡ್ ಆದ ರಾತ್ರಿಯೇ ಇವರು ಗೆದ್ದರು, ಅವರು ಸೋತರು ಅಂತ ಅಂಕ ಕೊಡುವವರನ್ನು ದಯವಿಟ್ಟು ನಂಬಬೇಡಿ.

ಪ್ರಶ್ನೆ: ಆಟಗಾರರ ಬೆಲೆ ಕೂಡಿ ಹೋಲಿಸುವ ಟ್ರೇಡ್ ಕ್ಯಾಲ್ಕುಲೇಟರ್‌ನಲ್ಲಿ ಎರಡೂ ಕಡೆ ಸಮ ತೋರಿಸಿದರೆ ಟ್ರೇಡ್ ಸರಿ ತಾನೇ?

ಮೊಣಕೈಯ ಎಂಆರ್‌ಐ ವರದಿ ಆ ಕ್ಯಾಲ್ಕುಲೇಟರ್ ಕೈಗೆ ಸಿಗುವುದಿಲ್ಲ, ತಂಡಗಳ ಡಾಕ್ಟರ್ ಕೈಗೆ ಸಿಗುತ್ತದೆ.

ಪ್ರಶ್ನೆ: ಬೆಂಗಳೂರಿನಿಂದ ಬರೆಯುತ್ತಿದ್ದೇನೆ. 2023ರಲ್ಲಿ ಆರ್‌ಸಿಬಿ 17.5 ಕೋಟಿ ರೂಪಾಯಿ ಕೊಟ್ಟು ಕ್ಯಾಮರೂನ್ ಗ್ರೀನ್ ಅವರನ್ನು ಮುಂಬೈನಿಂದ ತಂದಿತು. ಬೇಸ್‌ಬಾಲ್‌ನಲ್ಲೂ ಹಾಗೆ ಸುಮ್ನೆ ದುಡ್ಡು ತಗೊಳ್ಳಬಾರದಾ? ಹುಡುಗರ ರಗಳೆ ಯಾಕೆ?

1976ರಲ್ಲಿ ಓಕ್ಲ್ಯಾಂಡ್ ಮಾಲೀಕ ಚಾರ್ಲಿ ಫಿನ್ಲಿ ಅದನ್ನೇ ಮಾಡಲು ಹೋದರು. ಪಿಚರ್ ವೈಡಾ ಬ್ಲೂ ಅವರನ್ನು 15 ಲಕ್ಷ ಡಾಲರ್‌ಗೆ ಯಾಂಕೀಸ್‌ಗೆ, ಇನ್ನಿಬ್ಬರನ್ನು ತಲಾ 10 ಲಕ್ಷಕ್ಕೆ ಬಾಸ್ಟನ್‌ಗೆ ಮಾರಿದರು. ಲೀಗ್‌ನ ಕಮಿಷನರ್ ಬೋವಿ ಕ್ಯೂನ್ ಮೂರನ್ನೂ ರದ್ದು ಮಾಡಿದರು. ಆಟಗಾರರನ್ನು ಮಾರಿ ಮಾಲೀಕ ಜೇಬು ತುಂಬಿಸಿಕೊಂಡರೆ ತಂಡ ಬರಿದಾಗುತ್ತದೆ. ಹುಡುಗರು ಬಂದರೆ ಕನಿಷ್ಠ ಮೈದಾನಕ್ಕೆ ಏನಾದರೂ ಬರುತ್ತದೆ.

ಪ್ರಶ್ನೆ: ಟ್ರೇಡ್ ಬೇಡ ಅಂತ ಆಟಗಾರ ಹೇಳಬಹುದಾ?

ದೊಡ್ಡ ಲೀಗ್‌ನಲ್ಲಿ 10 ವರ್ಷ, ಅದರಲ್ಲಿ ಕೊನೆಯ ಐದು ಒಂದೇ ತಂಡದಲ್ಲಿ ಕಳೆದಿದ್ದರೆ, ಅಥವಾ ಒಪ್ಪಂದದಲ್ಲೇ ಹಾಗೆ ಬರೆಸಿಕೊಂಡಿದ್ದರೆ ಹೇಳಬಹುದು.

ಪ್ರಶ್ನೆ: ಮಗನಿಗೆ 12. ಚೆನ್ನಾಗಿ ಎಸೆಯುತ್ತಾನೆ. ಇಲ್ಲೊಬ್ಬ ಕೋಚ್ ಆರು ವಾರದಲ್ಲಿ ವೇಗ ಏರಿಸುತ್ತೇನೆ ಅನ್ನುತ್ತಾರೆ, ಭಾರದ ಚೆಂಡು ಎಸೆಸುತ್ತಾರೆ. ಈಗ ಅವನು ಮೊಣಕೈ ನೋವು ಅನ್ನುತ್ತಿದ್ದಾನೆ. ಲಿಗಮೆಂಟ್ ಶಸ್ತ್ರಚಿಕಿತ್ಸೆ ಆದರೆ ಮೊದಲಿಗಿಂತ ಜೋರಾಗಿ ಎಸೆಯಬಹುದು ಅಂತಲೂ ಕೇಳಿದ್ದೇವೆ. ಪ್ರಾಸ್ಪೆಕ್ಟ್ (ದೊಡ್ಡ ಲೀಗ್‌ಗೆ ಹೋಗುವ ಭರವಸೆಯ ಹುಡುಗ) ಆಗಲು ಏನು ಮಾಡಬೇಕು?

ಇದನ್ನು ಓದಿ ನನಗೆ ಸಂಕಟವಾಯಿತು. ಶಸ್ತ್ರಚಿಕಿತ್ಸೆಯಿಂದ ವೇಗ ಬರುತ್ತದೆ ಅನ್ನುವುದು ಶುದ್ಧ ಸುಳ್ಳು. ಹರಿದದ್ದನ್ನು ಜೋಡಿಸುತ್ತಾರೆ, ಅಷ್ಟೇ. ವಾಪಸ್ ಎಸೆಯಲು ವರ್ಷ, ಒಂದೂವರೆ ವರ್ಷ ಬೇಕು. ಕೆಲವರು ಹಿಂತಿರುಗುವುದೇ ಇಲ್ಲ. 12ರ ಹುಡುಗನಿಗೆ ಆರು ವಾರದಲ್ಲಿ ವೇಗ ಮಾರುವವರಿಗೆ ಅವನ ಮೂಳೆ ಇನ್ನೂ ಬೆಳೆಯುತ್ತಿದೆ ಅನ್ನುವ ಚಿಂತೆ ಇಲ್ಲ.

ಒಮ್ಮೆ ಮೈನರ್ ಲೀಗ್ ಪಂದ್ಯದಲ್ಲಿ 19ರ ಹುಡುಗನೊಬ್ಬನನ್ನು ನೋಡುತ್ತಿದ್ದೆ. ಪ್ರತಿ ಚೆಂಡು ಎಸೆದ ಮೇಲೂ ಕಿರುಬೆರಳು, ಉಂಗುರ ಬೆರಳು ಒದರಿಕೊಳ್ಳುತ್ತಿದ್ದ, ಜೋಮು ಹಿಡಿದವರ ಹಾಗೆ. ಗನ್‌ನಲ್ಲಿ 96 ತೋರಿಸುತ್ತಿತ್ತು, ಅಕ್ಕಪಕ್ಕದವರು ಆ ನಂಬರ್ ಬರೆದುಕೊಳ್ಳುತ್ತಿದ್ದರು. ನಾನು ಬೆರಳಿನ ವಿಷಯ ಬರೆದೆ. ಆಮೇಲೆ ಕೇಳಿದಾಗ, ಶಾಲೆಯಲ್ಲಿದ್ದಾಗಿನಿಂದ ಮೊಣಕೈ ನೋವಿತ್ತು, ಹೇಳಿದರೆ ಆಡಿಸುವುದಿಲ್ಲ ಅಂತ ಸುಮ್ಮನಿದ್ದೆ ಅಂದ.

ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಮಾಡಿದ ಪಿಚ್ ಸ್ಮಾರ್ಟ್ ನಿಯಮದ ಪ್ರಕಾರ 11, 12ರ ಮಕ್ಕಳಿಗೆ ದಿನಕ್ಕೆ 85 ಎಸೆತವೇ ಗರಿಷ್ಠ. 66 ಮುಟ್ಟಿದರೆ ನಾಲ್ಕು ದಿನ ರಜೆ. ವರ್ಷದಲ್ಲಿ ನಾಲ್ಕು ತಿಂಗಳು ಎಸೆಯುವುದೇ ಬೇಡ. ನಾನು ನಿಮ್ಮ ಜಾಗದಲ್ಲಿದ್ದರೆ ಅದಕ್ಕಿಂತಲೂ ಕಡಿಮೆ ಎಸೆಸುತ್ತಿದ್ದೆ. ಆದರೆ ನೋವಿರುವಾಗ ಈ ಯಾವ ಲೆಕ್ಕವೂ ಬೇಡ, ಒಂದು ಚೆಂಡೂ ಎಸೆಯಬಾರದು. ಆ ಕ್ಲಾಸ್ ಇವತ್ತೇ ನಿಲ್ಲಿಸಿ. ಮಕ್ಕಳ ಮೂಳೆ ಡಾಕ್ಟರ್ ಹತ್ತಿರ ಈ ವಾರವೇ ತೋರಿಸಿ. ಹೋಗುವಾಗ ಅವನನ್ನು ಕೋಚ್ ಇಲ್ಲದ ಕಡೆ ಕೂರಿಸಿಕೊಂಡು ಕೇಳಿ: ಎಷ್ಟು ದಿನದಿಂದ ನೋವಿದೆ ಕಂದ?